ಲಾವಣಿಯ ಬೆನ್ನೇರಿ ಬಂದ ಶಿವಾಪುರ

ಎಮ್ಮಿಗನೂರು, ಕಂಪ್ಲಿ, ದರೋಜಿ ಸೀಮೆಯವರಿಗೆ ಕತೆಯನ್ನು ಹಾಡಿನಲ್ಲಿ ಕೇಳುವುದು ಹೊಸತಲ್ಲ. ಬಯಲಾಟದ ಮದ್ದಳೆ, ಬುರ್ರಕಥೆಯ ಈರಮ್ಮನವರ ದನಿ ಇಲ್ಲಿನ ಕಿವಿಗಳನ್ನು ಪಳಗಿಸಿವೆ. ಹಾಗಾಗಿ ಚಂದ್ರಶೇಖರ ಕಂಬಾರರ ‘ಹೇಳತೇನ ಕೇಳ’ ಕಾವ್ಯ ಹುಟ್ಟಿದ ಬಗೆಯನ್ನು ಈ ನೆಲದವರಿಗೆ ಬಿಡಿಸಿ ಹೇಳಬೇಕಿಲ್ಲ. ಕಟ್ಟಿದ ಪದವನ್ನು ತಾವೇ ಎದೆತುಂಬಿ ಹಾಡುವ ಕವಿ ಅವರು.

1937ರಲ್ಲಿ ಅವರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ. ಅದು ಕೃಷ್ಣ ಪಾರಿಜಾತದ ಸೀಮೆ. ಆ ಆಟವನ್ನು ಬೆಳೆಸಿದ ಕುಲಗೋಡ ತಮ್ಮಣ್ಣ, ಮನೆಮಾತಾಗಿಸಿದ ಕೌಜಲಗಿ ನಿಂಗಮ್ಮ ಇಬ್ಬರೂ ಆ ಸುತ್ತಿನವರೇ. ಲಾವಣಿ ಹಾಡುವ ಹರದೇಶಿ-ನಾಗೇಶಿ ಮೇಳಗಳು ಡಪ್ಪು, ತುಂತುಣಿ ಹಿಡಿದು ಸವಾಲು-ಜವಾಬಿಗೆ ನಿಲ್ಲುತ್ತಿದ್ದ ನಾಡದು. ಬಡತನದಿಂದ ಹುಡುಗನ ಓದು ನಿಂತಾಗ ಕೈಹಿಡಿದದ್ದು ಸಾವಳಗಿ ಮಠ.

ಮೊದಲ ಸಂಕಲನ ‘ಮುಗುಳು’ 1958ರಲ್ಲಿ ಬಂತು. ಕನ್ನಡದಲ್ಲಿ ಆಗ ನವ್ಯದ ಹೊಳೆ ತುಂಬಿ ಹರಿಯುತ್ತಿತ್ತು. ಮರುವರ್ಷವೇ ಗೋಪಾಲಕೃಷ್ಣ ಅಡಿಗರ ‘ಭೂಮಿಗೀತ’ ಬಂತು. ನಗರದ ಒಂಟಿ ಮನುಷ್ಯನ ತಳಮಳವೇ ಕಾವ್ಯದ ಮುಖ್ಯ ವಸ್ತುವಾಗಿದ್ದ ಆ ದಿನಗಳಲ್ಲಿ ಕಂಬಾರರು ಊರ ಕಡೆ ಹೊರಳಿದರು. 1964ರ ‘ಹೇಳತೇನ ಕೇಳ’ದಲ್ಲಿ ಅವರ ನಿಜವಾದ ಕೊರಳು ತೆರೆಯಿತು.

ಕತೆ ಶಿವಾಪುರವೆಂಬ ಊರಿನದು. ಊರಗೌಡನನ್ನು ಕೊಂದ ರಾಕ್ಷಸ ಅವನದೇ ರೂಪ ತಾಳಿ ಊರಿಗೆ ಒಡೆಯನಾಗುತ್ತಾನೆ. ಇದನ್ನು ಹೇಳಲು ಕವಿ ಆಯ್ದುಕೊಂಡದ್ದು ಲಾವಣಿಯ ನಡೆ. ಮೇಳದಲ್ಲಿ ಮುಮ್ಮೇಳದವನು ಸಾಲೆತ್ತಿಕೊಟ್ಟರೆ ಹಿಮ್ಮೇಳದವರು ಅದನ್ನು ಎಳೆದು ನಿಲ್ಲಿಸುತ್ತಾರೆ. ಆ ಬಿಡುವಿನಲ್ಲಿ ಹಾಡುಗಾರ ಉಸಿರು ತಿರುಗಿಸಿಕೊಂಡು ಕತೆಯನ್ನು ಮುಂದಕ್ಕೊಯ್ಯುತ್ತಾನೆ. ಅಚ್ಚಾದ ಪುಟದಲ್ಲಿ ಹಿಮ್ಮೇಳ ಇರುವುದಿಲ್ಲ. ಆ ಕೆಲಸವನ್ನೂ ಸಾಲೇ ಮಾಡಬೇಕು. ಮರುಕಳಿಸುವ ಮಾತು, ಕೇಳುವವರನ್ನು ನೇರವಾಗಿ ಕರೆಯುವ ದನಿ, ಬೆಳಗಾವಿ ಕಡೆಯ ಆಡುನುಡಿಯ ಲಯ ಕೂಡಿ ಅದನ್ನು ಸಾಧಿಸಿದವು. ಜನಪದ ಧಾಟಿಗೆ ಹೊಸ ಮಾತು ತೊಡಿಸಿದ ಕೆಲಸ ಇದಲ್ಲ. ಇಲ್ಲಿ ಧಾಟಿಯೇ ಕವಿಗೆ ಯೋಚಿಸುವ ರೀತಿಯಾಯಿತು.

ಅದೇ ದಾರಿಯಲ್ಲಿ ನಾಟಕಗಳು ಬಂದವು: ‘ಋಷ್ಯಶೃಂಗ’, ಬಿ.ವಿ. ಕಾರಂತರು ರಂಗಕ್ಕೇರಿಸಿದ ‘ಜೋಕುಮಾರಸ್ವಾಮಿ’. ಹಾಡು ಸಿನಿಮಾಕ್ಕೂ ಹೋಯಿತು. ಕಂಬಾರರೇ ನಿರ್ದೇಶಿಸಿದ ‘ಕಾಡು ಕುದುರೆ’ಯ ಗೀತೆಗೆ ಶಿವಮೊಗ್ಗ ಸುಬ್ಬಣ್ಣ ರಾಷ್ಟ್ರಪ್ರಶಸ್ತಿ ಪಡೆದರು.

1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಹುಟ್ಟಿದಾಗ ಲಾವಣಿಯ ಈ ಕವಿಯೇ ಮೊದಲ ಕುಲಪತಿಯಾದರು. ಮುಂದೆ ಆ ವಿಶ್ವವಿದ್ಯಾಲಯ ಅಕ್ಷರ ಕಲಿಯದ ದರೋಜಿ ಈರಮ್ಮನವರ ಕಾವ್ಯಗಳನ್ನು ಅಚ್ಚಿಗಿಳಿಸಿ, ಅವರಿಗೆ ನಾಡೋಜ ಗೌರವ ನೀಡಿತು. ಹಾಡಿಕೆಯನ್ನು ಕಾವ್ಯವೆಂದೇ ಕಂಡ ನೋಟಕ್ಕೆ ಸಂದ ದೊಡ್ಡ ಗೆಲುವಿದು. ಹಗಲು ಕವಿತೆ ಬರೆದು ರಾತ್ರಿ ಮದ್ದಳೆಯ ಮುಂದೆ ಕೂರುವ ನಮ್ಮ ಕಡೆಯ ಹುಡುಗ ಹುಡುಗಿಯರು ಈ ಎರಡನ್ನೂ ಬೇರೆ ಮಾಡಬೇಕಿಲ್ಲ. ಊರ ಧಾಟಿಯಲ್ಲೇ ಹೊಸ ಕಾಲವನ್ನು ಕಾಣಬಹುದು. ಕಂಬಾರರು ಕಂಡದ್ದೂ ಹಾಗೆಯೇ.