ಸುಟ್ಟ ಫ್ಯೂಸಿನ ಜಾಡು ಹಿಡಿದು

ಅತ್ತಿವೇರಿಯ ಪಕ್ಷಿಧಾಮ ನೋಡಿಕೊಂಡು ಚಿಗಳ್ಳಿ ಸೇರುವಾಗ ಕತ್ತಲಾಗಿತ್ತು. ಅಕ್ಟೋಬರ್ ಕೊನೆ. ಮಳೆಗಾಲ ಮುಗಿಯಿತು ಅಂದುಕೊಂಡವರನ್ನು ಸುಳ್ಳು ಮಾಡುವ ಹಾಗೆ ಮಧ್ಯಾಹ್ನದಿಂದ ಒಂದೇ ಸಮ ಹನಿಯುತ್ತಿತ್ತು. ಉಂಡು ಮಲಗಲು ಸಜ್ಜು ಮಾಡಿಸಿಕೊಂಡ ನನ್ನ ವ್ಯಾನನ್ನು ಗಟ್ಟಿ ನೆಲ ನೋಡಿ ನಿಲ್ಲಿಸಿದೆ. ಚಹಾಕ್ಕೆ ನೀರಿಡೋಣವೆಂದು ಹಿಂದಿನ ಬಾಗಿಲು ಎತ್ತಿದರೆ, ಬಾಗಿಲು ಅರ್ಧಕ್ಕೇರುವಷ್ಟರಲ್ಲಿ ಒಳಗಿನ ದೀಪಗಳೆಲ್ಲ ಒಮ್ಮೆಲೇ ಆರಿದವು. ನೀರಿನ ಪಂಪೂ ನಿಂತಿತು. ಫ್ಯಾನ್ ಮಾತ್ರ ತನ್ನ ಪಾಡಿಗೆ ತಿರುಗುತ್ತಿತ್ತು.

ಮೊಬೈಲಿನ ಬೆಳಕಿನಲ್ಲಿ ಫ್ಯೂಸ್ ಪೆಟ್ಟಿಗೆ ತೆಗೆದು 10 ಆಂಪಿಯರಿನ ಕೆಂಪು ಫ್ಯೂಸನ್ನು ಇಕ್ಕಳದಿಂದ ಎಳೆದೆ. ಎರಡು ಕಾಲುಗಳ ನಡುವೆ ಸೇತುವೆಯಂತೆ ಬಾಗಿರಬೇಕಾದ ತೆಳು ಲೋಹ ನಡುವೆ ತುಂಡಾಗಿತ್ತು. ಪ್ಲಾಸ್ಟಿಕ್ಕಿನ ಒಳಮೈಗೆ ಹೊಗೆಯ ಬೂದು ಕಲೆ. ಹೊಸದು ಹಾಕಿದೆ, ದೀಪ ಬಂತು. ಚಹಾ ಕುಡಿದು ಬಾಗಿಲು ಇಳಿಸುವಾಗ ಅದೂ ಹೋಯಿತು. ನನ್ನ ಬಳಿ ಉಳಿದದ್ದು 20 ಆಂಪಿಯರಿನ ಒಂದು ಹಳದಿ, 30ರ ಒಂದು ಹಸಿರು. ಆಕಾರ, ಅಳತೆ, ಕಾಲುಗಳ ಅಂತರ ಎಲ್ಲ ಒಂದೇ, ಬಣ್ಣವಷ್ಟೇ ಬೇರೆ. ಹಸಿರನ್ನು ಒತ್ತಿದ್ದರೆ ದೀಪ ಹತ್ತಿಬಿಡುತ್ತಿತ್ತು. ಒತ್ತಲಿಲ್ಲ. ಟಾರ್ಚು ಹಚ್ಚಿಕೊಂಡೇ ರಾತ್ರಿ ಕಳೆದೆ. ಯಾಕೆ ಒತ್ತಬಾರದು ಎಂಬುದನ್ನು ಬಿಡಿಸಿ ಹೇಳುವುದಕ್ಕೇ ಈ ಲೇಖನ.

ಫ್ಯೂಸ್ ಇರುವುದು ದೀಪವನ್ನೋ ಪಂಪನ್ನೋ ಉಳಿಸಲಿಕ್ಕೆ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅದು ಕಾಯುವುದು ತಂತಿಯನ್ನು. ಬ್ಯಾಟರಿಯಿಂದ ಹೊರಟು ಹಾಸಿಗೆಯ ಅಡಿಯಲ್ಲಿ, ಪ್ಲೈವುಡ್ಡಿನ ಸಂದಿಯಲ್ಲಿ, ಚಾವಣಿಯ ಸ್ಪಂಜಿನ ನಡುವೆ ಕಣ್ಣಿಗೆ ಬೀಳದೆ ಓಡುವ ತಂತಿ ಕಾದು ಬೆಂಕಿ ಹತ್ತಬಾರದು. ಆ ಒಂದೇ ಕೆಲಸಕ್ಕೆ ಫ್ಯೂಸನ್ನು ಅಲ್ಲಿ ಕೂರಿಸಿರುತ್ತಾರೆ. ತಂತಿ ಇಷ್ಟು ದಪ್ಪ, ಇಷ್ಟು ಕರೆಂಟ್ ತಾಳುತ್ತದೆ, ಆದ್ದರಿಂದ ಫ್ಯೂಸ್ ಇಷ್ಟು ಎಂಬುದು ಲೆಕ್ಕ. ತಂತಿ ಬದಲಾಗದೆ ಫ್ಯೂಸಿನ ಸಂಖ್ಯೆ ಮೇಲಕ್ಕೆ ಹೋಗುವಂತಿಲ್ಲ.

ಕರೆಂಟ್ ಹರಿದಲ್ಲೆಲ್ಲ ಬಿಸಿ ಹುಟ್ಟುತ್ತದೆ. ಕರೆಂಟ್ ಇಮ್ಮಡಿಯಾದರೆ ಬಿಸಿ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ನನ್ನ ವ್ಯಾನಿನ ದೀಪದ ತಂತಿ 1 ಚದರ ಮಿಲಿಮೀಟರಿನದು, ನಾಲ್ಕು ಮೀಟರ್ ಉದ್ದ. ಅದರ ತುದಿ ನೇರವಾಗಿ ವ್ಯಾನಿನ ಕಬ್ಬಿಣಕ್ಕೆ ತಾಗಿದರೆ 12 ವೋಲ್ಟಿನ ಬ್ಯಾಟರಿ ಅದರಲ್ಲಿ ನೂರೈವತ್ತು ಆಂಪಿಯರ್ ಆಸುಪಾಸು ನೂಕುತ್ತದೆ. ಹತ್ತು ಆಂಪಿಯರಿಗೆ ಹೋಲಿಸಿದರೆ ಇನ್ನೂರಕ್ಕೂ ಹೆಚ್ಚು ಪಟ್ಟು ಬಿಸಿ. ಫ್ಯೂಸ್ ಇಲ್ಲದಿದ್ದರೆ ಸುಮಾರು ಒಂದು ಸೆಕೆಂಡಿನಲ್ಲಿ ತಂತಿಯ ಪಿವಿಸಿ ಹೊದಿಕೆ 160 ಡಿಗ್ರಿ ಮುಟ್ಟುತ್ತದೆ, ಕರಗತೊಡಗುತ್ತದೆ. ಅದರ ಪಕ್ಕದಲ್ಲಿರುವುದು ಸ್ಪಂಜು, ಬಟ್ಟೆ, ಒಣ ಮರ, ಕೆಲವೊಮ್ಮೆ ಗ್ಯಾಸಿನ ಪೈಪು. ವ್ಯಾನಿನಲ್ಲಿ ಮಲಗಿದವರಿಗೆ ಹೊರಗೆ ಬರಲು ಇರುವುದು ಒಂದೋ ಎರಡೋ ಬಾಗಿಲು.

ಫ್ಯೂಸಿನೊಳಗಿನ ಪಟ್ಟಿ ಸತುವಿನ ಮಿಶ್ರಲೋಹ. ತಾಮ್ರ ಕರಗಲು 1085 ಡಿಗ್ರಿ ಬೇಕು, ಸತುವಿಗೆ 420 ಸಾಕು. ದಾರಿಯಲ್ಲೆಲ್ಲ ಅತಿ ಕಿರಿದಾದ, ಅತಿ ಬೇಗ ಕರಗುವ ಜಾಗವನ್ನು ಬೇಕೆಂದೇ ಮಾಡಿ, ಅದನ್ನು ಕಣ್ಣಿಗೆ ಕಾಣುವ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಈ ಉಪಾಯ ಮೊದಲು ಹೊಳೆದದ್ದು ಸಿಡಿಲಿಗೆ ಹೆದರಿ. ಟೆಲಿಗ್ರಾಫ್ ಕಚೇರಿಯೊಳಗೆ ಸಿಡಿಲು ತಂತಿಗುಂಟ ನುಗ್ಗದಿರಲೆಂದು ನಡುವೆ ಸಪೂರ ತಂತಿ ಹಾಕಿ ಎಂದು ಫ್ರಾನ್ಸಿನ ಬ್ರೆಗೆ 1847ರಲ್ಲಿ ಸಲಹೆ ಕೊಟ್ಟಿದ್ದ. 1890ರಲ್ಲಿ ಎಡಿಸನ್ ಅದಕ್ಕೊಂದು ಪೇಟೆಂಟ್ ಪಡೆದ. ಇಂದು ಗಾಡಿಗಳಲ್ಲಿರುವ ಎರಡು ಕಾಲಿನ ಬಣ್ಣದ ಫ್ಯೂಸ್ ಬಂದದ್ದು 1970ರ ದಶಕದಲ್ಲಿ. 5ಕ್ಕೆ ಕಂದು ಹಳದಿ, 7.5ಕ್ಕೆ ಕಂದು, 10ಕ್ಕೆ ಕೆಂಪು, 15ಕ್ಕೆ ನೀಲಿ, 20ಕ್ಕೆ ಹಳದಿ, 25ಕ್ಕೆ ಬಣ್ಣವಿಲ್ಲದ್ದು, 30ಕ್ಕೆ ಹಸಿರು. ಈ ಬಣ್ಣಗಳು ಎಲ್ಲ ಕಂಪನಿಯ ಗಾಡಿಗೂ ಒಂದೇ.

10 ಆಂಪಿಯರಿನ ಫ್ಯೂಸ್ 10 ದಾಟಿದ ಕ್ಷಣ ಹಾರಿಹೋಗುವುದಿಲ್ಲ. 11 ಆಂಪಿಯರನ್ನು ನೂರು ಗಂಟೆಯಾದರೂ ಹೊರುತ್ತದೆ. ಹದಿಮೂರೂವರೆ ಹರಿದರೆ ಹೆಚ್ಚೆಂದರೆ ಹತ್ತು ನಿಮಿಷ, 20 ಹರಿದರೆ ಹೆಚ್ಚೆಂದರೆ ಐದು ಸೆಕೆಂಡು. ಪಂಪು ಶುರುವಾಗುವಾಗ ಗಳಿಗೆಯ ಮಟ್ಟಿಗೆ ಜಾಸ್ತಿ ಎಳೆದರೆ ಸುಮ್ಮನಿರುವ ತಾಳ್ಮೆ ಅದಕ್ಕಿದೆ. ಹಾಗಾಗಿಯೇ ಹಸಿರು ಫ್ಯೂಸ್ ಅಪಾಯ. ನೇರ ಶಾರ್ಟ್ ಆದರೆ 30ರದ್ದೂ ಹಾರುತ್ತದೆ. ಆದರೆ ಒದ್ದೆಯಾಗಿ ತುಕ್ಕು ಹಿಡಿದ ಜಾಗದಲ್ಲಿ ತಂತಿ ಅರೆಬರೆ ತಾಗಿ 28 ಆಂಪಿಯರ್ ಸೋರುತ್ತಿದ್ದರೆ 30ರ ಫ್ಯೂಸಿಗೆ ಅದು ಮಾಮೂಲಿ ಹೊರೆ. ಅದು ಹಾರುವುದಿಲ್ಲ, ತಂತಿ ರಾತ್ರಿಯಿಡೀ ಕಾಯುತ್ತದೆ.

ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದು, ತಾಮ್ರದ ಎಳೆ ಕಟ್ಟುವುದು ಇನ್ನೂ ಕೆಟ್ಟದ್ದು. ಬ್ರಿಟನ್ನಿನ ಅಂಚೆ ಇಲಾಖೆಯ ಎಂಜಿನಿಯರ್ ಪ್ರೀಸ್ 1880ರ ದಶಕದಲ್ಲಿ ತಂತಿಗಳನ್ನು ಕರಗಿಸಿ ನೋಡಿ ಒಂದು ಸೂತ್ರ ಕೊಟ್ಟ. ಅದರ ಪ್ರಕಾರ ಒಂದು ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಕರಗಲು ಸುಮಾರು 80 ಆಂಪಿಯರ್ ಬೇಕು. 10ರ ಜಾಗದಲ್ಲಿ 80! ನಮ್ಮ ಹಳ್ಳಿಗಳ ಪಿಂಗಾಣಿ ಕಟೌಟಿನಲ್ಲೂ ಇದೇ ನಡೆಯುತ್ತದೆ. ಪದೇ ಪದೇ ಫ್ಯೂಸ್ ಕಟ್ಟುವ ಬೇಸರಕ್ಕೆ ಎರಡೆಳೆ, ಮೂರೆಳೆ ಹೊಸೆದು ಕಟ್ಟುತ್ತಾರೆ, ಆಮೇಲೆ ಪಂಪ್‌ಸೆಟ್ಟಿನ ಮೋಟರು ಸುಡುತ್ತದೆ. ಗದ್ದೆ ಒಣಗಿ ನಿಂತಾಗ ರೈತ ಹಾಗೆ ಮಾಡುವುದು ಯಾಕೆಂದು ನನಗೆ ಅರ್ಥವಾಗುತ್ತದೆ. ತಂತಿಗೆ ಅದು ಅರ್ಥವಾಗುವುದಿಲ್ಲ.

ಬೆಳಿಗ್ಗೆ ಮುಂಡಗೋಡಕ್ಕೆ ಹೋದೆ. ಗಾಡಿಗಳ ವೈರಿಂಗ್ ಮಾಡುವ ಒಂದು ಸಣ್ಣ ಅಂಗಡಿ, ಅರವತ್ತರ ಹತ್ತಿರದ ಯಜಮಾನರು. ಸುಟ್ಟ ಎರಡು ಫ್ಯೂಸನ್ನು ಅಂಗೈಯಲ್ಲಿಟ್ಟು ತೋರಿಸಿ, “ಕಾಕಾ, 10ರದ್ದು ನಾಕು ಕೊಡ್ರಿ” ಅಂದೆ. ಅವರು ಕೊಡಲಿಲ್ಲ. ಒಂದನ್ನು ಬೆಳಕಿಗೆ ಹಿಡಿದು ನೋಡಿದರು.

“ಏನ್ ಮಾಡೋ ಮುಂದ ಹೋತ್ರಿ ಸರ್?”

ಇದೊಂದು ಪ್ರಶ್ನೆಗೇ ಅವರ ಕೂಲಿ ಕೊಡಬಹುದಿತ್ತು. ಯಾವಾಗ ಹೋಯಿತು, ಆಗ ಏನೇನು ಚಾಲೂ ಇತ್ತು, ಮಳೆ ಇತ್ತೋ, ಗಾಡಿ ಕುಲುಕುತ್ತಿತ್ತೋ? ದೋಷ ಹುಡುಕುವ ಕೆಲಸದ ಅರ್ಧ ಇಲ್ಲೇ ಮುಗಿಯುತ್ತದೆ. ಫ್ಯೂಸಿನ ಮುಖವೂ ಮಾತಾಡುತ್ತದೆ. ಒಳಗೆ ಹೊಗೆ ಬಡಿದು, ಲೋಹ ಚಿಮ್ಮಿದ ಗುರುತಿದ್ದರೆ ನೇರ ಶಾರ್ಟ್. ಪಟ್ಟಿ ಮೆಲ್ಲಗೆ ಜೋತು ಬಿದ್ದು ತುಂಡಾಗಿದ್ದರೆ ಹೊರೆ ಜಾಸ್ತಿಯಾಗಿ ನಿಧಾನ ಕರಗಿದ್ದು. ಪ್ಲಾಸ್ಟಿಕ್ಕಿನ ಕಾಲ ಬುಡವೇ ಕರಗಿ, ಪಟ್ಟಿ ಮಾತ್ರ ನೆಟ್ಟಗಿದ್ದರೆ ತಪ್ಪು ಫ್ಯೂಸಿನದಲ್ಲ, ಅದು ಕೂರುವ ಸಂದು ಸಡಿಲ. ಬಾಗಿಲು ಎತ್ತುವಾಗ, ಇಳಿಸುವಾಗ ಎಂದೆ. ಅವರು ತಲೆಯಾಡಿಸಿ, ಡ್ರಾಯರಿನಿಂದ ಒಂದು ಇಂಡಿಕೇಟರ್ ಬಲ್ಬು ತೆಗೆದರು. 21 ವ್ಯಾಟಿನದು, ಎರಡು ತುಂಡು ವೈರ್ ಬೆಸೆದು ತುದಿಗೆ ಚಪ್ಪಟೆ ಪಿನ್ನು ಕೂರಿಸಿದ್ದು.

“ಫ್ಯೂಸ್ ಆಮ್ಯಾಲೆ ಹಾಕೂಣು. ಮೊದ್ಲ ಕರೆಂಟ್ ಎಲ್ಲಿ ಸೋರಾಕತ್ತೈತಿ ನೋಡೂಣು.”

ಆ ಸಾಲಿನ ಎಲ್ಲ ದೀಪದ ಸ್ವಿಚ್ ಆರಿಸಿ, ಪಂಪಿನ ಪಿನ್ನು ಬಿಚ್ಚಿ, ಫ್ಯೂಸಿನ ಜಾಗದಲ್ಲಿ ಆ ಬಲ್ಬಿನ ಎರಡು ಪಿನ್ನು ಚುಚ್ಚಿದರು. ಬಲ್ಬು ಹತ್ತಲಿಲ್ಲ. ಹಿಂದಿನ ಬಾಗಿಲನ್ನು ಮೆಲ್ಲಗೆ ಎತ್ತತೊಡಗಿದರು. ಗೇಣು, ಮೊಳ, ಅರ್ಧ. ಥಟ್ಟನೆ ಬಲ್ಬು ಝಗ್ಗೆಂದು ಹತ್ತಿತು.

“ಬಾಡಿ ಮುಟ್ಟೈತ್ರಿ.”

ಈ ಬಲ್ಬಿನ ಕೆಲಸ ಎಷ್ಟು ಸರಳ, ಎಷ್ಟು ಚಂದ! 12 ವೋಲ್ಟಿನಲ್ಲಿ 21 ವ್ಯಾಟ್ ಎಂದರೆ ಒಂದೂಮುಕ್ಕಾಲು ಆಂಪಿಯರ್. ಮುಂದೆ ಎಂಥ ಶಾರ್ಟ್ ಇದ್ದರೂ ಬಲ್ಬಿನ ಒಳಗಿನ ಎಳೆ ಅದಕ್ಕಿಂತ ಹೆಚ್ಚು ಕರೆಂಟ್ ಬಿಡುವುದಿಲ್ಲ. ಫ್ಯೂಸ್ ಸುಡುವುದಿಲ್ಲ, ತಂತಿ ಕಾಯುವುದಿಲ್ಲ, ದೋಷ ಇದೆಯೋ ಇಲ್ಲವೋ ಎಂಬುದನ್ನು ಬೆಳಕೇ ಹೇಳುತ್ತದೆ. ಬಾಗಿಲನ್ನು ಅದೇ ಕೋನದಲ್ಲಿ ಕೋಲು ಕೊಟ್ಟು ನಿಲ್ಲಿಸಿ, ಕಾಕಾ ವೈರಿನ ಕಟ್ಟನ್ನು ಬೆರಳಲ್ಲಿ ಸವರುತ್ತ, ಅಲ್ಲಲ್ಲಿ ಅಲುಗಿಸುತ್ತ ಹೋದರು. ಕಣ್ಣು ಬಲ್ಬಿನ ಮೇಲೆ. ಚಾವಣಿಯಿಂದ ಬಾಗಿಲೊಳಕ್ಕೆ ವೈರು ದಾಟುವ ತೂತಿನ ಹತ್ತಿರ ಅಲುಗಿಸಿದಾಗ ಬಲ್ಬು ಮಿಣುಕಿತು. ಪಟ್ಟಿ ಬಿಚ್ಚಿ ನೋಡಿದರೆ, ತಗಡಿಗೆ ಕೊರೆದ ತೂತಿನ ಅಂಚು ಬ್ಲೇಡಿನಂತೆ ಹರಿತ. ಅಲ್ಲಿ ಇರಬೇಕಾದ ರಬ್ಬರ್ ಬಳೆಯೇ ಇಲ್ಲ. ಸಾವಿರ ಸಲ ಬಾಗಿಲು ಎತ್ತಿ ಇಳಿಸಿ ಹೊದಿಕೆ ಸವೆದು, ಎರಡು ಗೋಧಿ ಕಾಳಿನಷ್ಟು ಉದ್ದ ತಾಮ್ರ ಬೆತ್ತಲಾಗಿ, ಮಳೆ ನೀರಿಗೆ ಹಸಿರು ಕಟ್ಟಿತ್ತು. ವ್ಯಾನ್ ಸಿದ್ಧ ಮಾಡಿದವರು ಬಿಟ್ಟುಬಿಟ್ಟ ಆ ಬಳೆಯ ಬೆಲೆ ಒಂದು ಚಹಾದ್ದೂ ಅಲ್ಲ.

ಆ ರಾತ್ರಿ ಫ್ಯಾನ್ ಏಕೆ ತಿರುಗುತ್ತಲೇ ಇತ್ತು? ಅದರ ಫ್ಯೂಸ್ ಬೇರೆ. ಊರಿನ ಕರೆಂಟಿನ ಏರ್ಪಾಡೂ ಹೀಗೆಯೇ. ಮನೆಯ ಕಟೌಟ್ ಹೋದರೆ ಒಂದು ಮನೆ ಕತ್ತಲು, ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಹೋದರೆ ಇಡೀ ಓಣಿ. ಇದೇ ಸೀಮೆಯಲ್ಲಿ ಅಂಬಿಕಾನಗರದ ನಾಗಝರಿಯಲ್ಲಿ ಕಾಳಿ ನದಿಯ ನೀರಿನಿಂದ ನೂರಾರು ಮೆಗಾವ್ಯಾಟ್ ಹುಟ್ಟುತ್ತದೆ. ಅಲ್ಲಿಂದ ನಿಮ್ಮ ಅಡುಗೆಮನೆಯ ಬಲ್ಬಿನವರೆಗೆ ತಂತಿ ಕವಲೊಡೆದಲ್ಲೆಲ್ಲ ಆ ಕವಲಿಗೆ ತಕ್ಕ ಒಂದು ಕಾವಲು ಇರುತ್ತದೆ. ವ್ಯಾನಿನಲ್ಲಿ ಈ ಕವಲುಗಳ ಬುಡ ಬ್ಯಾಟರಿ. ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ ಮುಖ್ಯ ಫ್ಯೂಸ್ ಇರಬೇಕು. ಫ್ಯೂಸಿಗೂ ಬ್ಯಾಟರಿಗೂ ನಡುವಿನ ತುಂಡು ತಂತಿಯನ್ನು ಕಾಯಲು ಯಾರೂ ಇಲ್ಲ. ಸಾವಿರ ವ್ಯಾಟಿನ ಇನ್ವರ್ಟರ್ ಇಟ್ಟುಕೊಂಡವರು ನೆನಪಿಡಬೇಕು: 230 ವೋಲ್ಟಿನಲ್ಲಿ ನಾಲ್ಕೂ ಚಿಲ್ಲರೆ ಆಂಪಿಯರ್ ಆಗುವ ಮಿಕ್ಸರು, 12 ವೋಲ್ಟಿನ ಕಡೆಯಿಂದ 80ರಿಂದ 100 ಆಂಪಿಯರ್ ಹೀರುತ್ತದೆ. ಅದಕ್ಕೆ ಹೆಬ್ಬೆರಳು ದಪ್ಪದ ಕೇಬಲ್, ಬೋಲ್ಟು ಹಾಕಿ ಬಿಗಿಯುವ ದೊಡ್ಡ ಫ್ಯೂಸ್ ಬೇಕು. ಲಿಥಿಯಂ ಬ್ಯಾಟರಿಯಾದರೆ ಇನ್ನೂ ಎಚ್ಚರ. ಶಾರ್ಟ್ ಆದಾಗ ಅದು ಸಾವಿರಾರು ಆಂಪಿಯರ್ ಕೊಡಬಲ್ಲದು, ಕಡಿಮೆ ದರ್ಜೆಯ ಫ್ಯೂಸ್ ಕರಗಿದರೂ ಕಿಡಿ ಆ ಸಂದನ್ನು ದಾಟಿ ಉರಿಯಬಹುದು.

ಈ ಕಿಡಿಯ ವಿಚಾರದಲ್ಲಿ ಮನೆಗೂ ವ್ಯಾನಿಗೂ ದೊಡ್ಡ ವ್ಯತ್ಯಾಸ. ಮನೆಯ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುತ್ತದೆ, ಕಿಡಿಗೆ ಸಾಯಲು ನೂರು ಅವಕಾಶ. ಬ್ಯಾಟರಿಯ, ಸೋಲಾರಿನ ಕರೆಂಟ್ ಒಂದೇ ದಿಕ್ಕಿನದು, ಸೊನ್ನೆಗೆ ಬರುವುದೇ ಇಲ್ಲ. ಆದ್ದರಿಂದ ಮನೆಯ ಎಂಸಿಬಿ ತಂದು ಇಲ್ಲಿ ಹಾಕಬಾರದು. ಚಾವಣಿಯ ಮೇಲೆ ಎರಡು ಸೋಲಾರ್ ಫಲಕವನ್ನು ಸಾಲಾಗಿ ಜೋಡಿಸಿದರೆ ಬಿಸಿಲಲ್ಲಿ 40 ವೋಲ್ಟ್ ದಾಟುತ್ತದೆ. ಗಾಡಿಯ ಬಣ್ಣದ ಫ್ಯೂಸಿನ ಮಿತಿ 32 ವೋಲ್ಟ್.

ಫ್ಯೂಸ್ ಹೋಗದೆಯೂ ಕಾಡುವ ತೊಂದರೆಗಳು ಬೇರೆ, ಹೆಚ್ಚು ಸತಾಯಿಸುವುದು ಅವೇ. ಫ್ರಿಜ್ ಆಗಾಗ ನಿಲ್ಲುತ್ತದೆ, ಮೀಟರ್ ಇಟ್ಟರೆ 12.4 ವೋಲ್ಟ್ ಸರಿಯಾಗಿಯೇ ಇದೆ! ಮೀಟರ್ ಇಡಬೇಕಾದ್ದು ಫ್ರಿಜ್ ಓಡುತ್ತಿರುವಾಗ. ಕರೆಂಟ್ ಹರಿಯದಿದ್ದಾಗ ಒಂದೇ ಎಳೆಯ ಮೇಲೆ ನಿಂತ ತಂತಿಯೂ ಪೂರ್ತಿ ವೋಲ್ಟ್ ತೋರಿಸುತ್ತದೆ. ಫ್ರಿಜ್ 4 ಆಂಪಿಯರ್ ಎಳೆಯುತ್ತದೆ, ಹೋಗಿಬರುವ ತಂತಿ 1 ಚದರ ಮಿಲಿಮೀಟರಿನದು, ಒಟ್ಟು 10 ಮೀಟರ್ ಎಂದುಕೊಳ್ಳಿ. ದಾರಿಯಲ್ಲೇ 0.7 ವೋಲ್ಟ್ ಸೋರಿಹೋಯಿತು. ಬ್ಯಾಟರಿ ಇಳಿಯಿತೆಂದು ಫ್ರಿಜ್ ತಪ್ಪು ತಿಳಿದು ನಿಲ್ಲುತ್ತದೆ. ಇಲ್ಲಿ ಬೇಕಾದದ್ದು ದಪ್ಪ ತಂತಿ.

ಎರಡನೆಯದು ಅರ್ಥ್. ಗಾಡಿಯ ಕಬ್ಬಿಣದ ಮೈಯನ್ನೇ ಮೈನಸ್ ತಂತಿಯಾಗಿ ಬಳಸುವುದು ರೂಢಿ. ಮಲೆನಾಡಿನ ಸೆರಗಿನ ಈ ಊರುಗಳಲ್ಲಿ ಮೂರು ನಾಲ್ಕು ತಿಂಗಳು ಒಣಗದೆ ನಿಂತ ಗಾಡಿಯ ಅರ್ಥ್ ಬೋಲ್ಟಿಗೆ ತುಕ್ಕು ಹಿಡಿಯುತ್ತದೆ. ದೀಪ ಮಂಕಾಗುತ್ತದೆ, ಪಂಪು ಹಚ್ಚಿದರೆ ದೀಪ ಕುಣಿಯುತ್ತದೆ. ಉಪಕರಣ ಓಡುತ್ತಿರುವಾಗ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಉಪಕರಣದ ಮೈನಸ್‌ಗೆ ಇಡಿ. ಸೊನ್ನೆಯ ಹತ್ತಿರ ಬರಬೇಕು. ಅರ್ಧ ವೋಲ್ಟ್ ಬಂದರೆ ಬೋಲ್ಟು ಬಿಚ್ಚಿ, ಹೊಳೆಯುವವರೆಗೆ ಉಪ್ಪುಕಾಗದದಲ್ಲಿ ಉಜ್ಜಿ, ಗ್ರೀಸು ಸವರಿ ಬಿಗಿಯಿರಿ. ಭತ್ತದ ಕಣದ ಹತ್ತಿರ ಗಾಡಿ ನಿಲ್ಲಿಸುವವರು ಇಲಿ ಕಡಿದ ಗುರುತನ್ನೂ ನೋಡಬೇಕು.

ಕಾಕಾ ಸವೆದ ಜಾಗವನ್ನು ಕತ್ತರಿಸಿ, ಹೊಸ ತುಂಡು ಬೆಸೆದು, ಮೇಲೆ ಸ್ಲೀವ್ ಎಳೆದು, ತೂತಿನ ಅಂಚನ್ನು ಅರದಿಂದ ನುಣ್ಣಗೆ ಮಾಡಿ ರಬ್ಬರ್ ಬಳೆ ತೊಡಿಸಿದರು. ಬಲ್ಬು ಇನ್ನೂ ಫ್ಯೂಸಿನ ಜಾಗದಲ್ಲೇ ಇತ್ತು. ಬಾಗಿಲನ್ನು ಇಪ್ಪತ್ತು ಸಲವಾದರೂ ಎತ್ತಿ ಇಳಿಸಿದರು, ಹತ್ತಲಿಲ್ಲ. ಆಗಷ್ಟೇ ಅದನ್ನು ಕಿತ್ತು ಕೆಂಪು ಫ್ಯೂಸ್ ಒತ್ತಿದರು. ಹಾಳೆಯೊಂದನ್ನು ನನ್ನ ಕೈಗೆ ಕೊಟ್ಟು ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅಂಟಿಸಲು ಹೇಳಿದರು. ದೀಪ ಮತ್ತು ಪಂಪು 10, ಫ್ಯಾನು 5, ಫ್ರಿಜ್ 15 ಎಂದು ಅವರೇ ಹೇಳುತ್ತ ಹೋದರು, ನಾನು ದಪ್ಪ ಅಕ್ಷರದಲ್ಲಿ ಬರೆದೆ. ಫ್ರಿಜ್ಜಿನ ತಂತಿ ದಪ್ಪ ಮಾಡಿದ ಮೇಲೆಯೇ 15, ಅಲ್ಲಿತನಕ 10 ಎಂದು ಅದರ ಪಕ್ಕದಲ್ಲಿ ಇನ್ನೊಂದು ಸಾಲು ಬರೆಸಿದರು. 10ರ ನಾಲ್ಕು ಫ್ಯೂಸನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ನನ್ನ ಹಸಿರು ಫ್ಯೂಸನ್ನು ಮಾತ್ರ ಅವರೇ ಡ್ರಾಯರಿಗೆ ಹಾಕಿಕೊಂಡರು.