ತಾರಾಮೋಹವೂ ಚೌಕಿಯೂ

ಸಾಮಾನ್ಯ ಮನೆತನದ ಬಾಲಿಕೆಯೊಬ್ಬಳು ಚಿತ್ರತಾರೆಗೆ ಮನಸೋಲುವ ಕಥೆಯನ್ನು ಹೃಷಿಕೇಶ ಮುಖರ್ಜಿಯವರ ‘ಗುಡ್ಡಿ’ (1971) ಎಂಬ ಹಿಂದೀ ಚಿತ್ರವು ನಿರೂಪಿಸುತ್ತದೆ. ಜಯಾ ಭಾದುರಿಯವರು ಅಭಿನಯಿಸಿದ ಆ ವಿದ್ಯಾರ್ಥಿನಿಯು ನಟ ಧರ್ಮೇಂದ್ರರನ್ನು ಅವರ ಪಾತ್ರಗಳಿಂದ ಬೇರೆಯೆಂದು ಬಗೆಯಲಾರಳು. ಹಿರಿಯರು ಅವಳನ್ನು ಗದರಿಸದೆ ಚಿತ್ರೀಕರಣದ ಎಡೆಗೆ ಕರೆದೊಯ್ಯುತ್ತಾರೆ; ತೆರೆಯ ಹಿಂದಣ ದುಡಿಮೆಯನ್ನು ಕಂಡಂತೆ ಮೋಹವು ಕರಗುತ್ತದೆ.

ಪುತ್ತೂರು, ಸುಳ್ಯ, ಕಡಬ ಸೀಮೆಯ ಯಕ್ಷಗಾನದಲ್ಲಿ ಇಂಥ ದರ್ಶನವು ಸಹಜವಾಗಿಯೇ ಲಭಿಸುತ್ತದೆ. ಬಯಲಾಟದ ಚೌಕಿಯು ಮುಚ್ಚಿದ ಕೋಣೆಯಲ್ಲ. ವೇಷಧಾರಿಯು ತನ್ನ ಮುಖಕ್ಕೆ ತಾನೇ ಬಣ್ಣವಿಡುವುದನ್ನು ಪ್ರೇಕ್ಷಕರು ಒಳಹೊಕ್ಕು ನೋಡಬಹುದು. ಪುತ್ತೂರು ಶ್ರೀಧರ ಭಂಡಾರಿಯವರ (ನಿಧನ 2021) ಧೀಂಗಿಣಕ್ಕೆ ರಂಗಸ್ಥಳದೆದುರು ಬೆರಗಾದ ಬಾಲಿಕೆಗೂ, ಆ ಕುಣಿತದ ಹಿಂದೆ ಬೆವರುವ ಮನುಷ್ಯನೊಬ್ಬನಿದ್ದಾನೆಂಬುದು ಚೌಕಿಯಲ್ಲಿ ತಿಳಿಯುತ್ತಿತ್ತು.

ಆದುದರಿಂದ ಅಭಿಮಾನವು ದೋಷವಲ್ಲ. ಶ್ರಮವನ್ನರಿತ ಅಭಿಮಾನವೇ ರಸಿಕತೆಯಾಗುವುದು.