ತಂತಿ ಎಲ್ಲಿ ತಾಗುತ್ತಿದೆ?

ಎಲೆಕ್ಟ್ರಿಕ್ ಗಿಟಾರ್ ಮೀಟಿದಾಗ ಸ್ವರದ ಜೊತೆಗೆ ಜರ್ ಎಂಬ ಕರಕರೆ ಕೇಳಿದರೆ ಹೆಚ್ಚಿನವರು ಬ್ರಿಡ್ಜ್‌ನ ಸ್ಕ್ರೂ ತಿರುಗಿಸಿ ತಂತಿಗಳನ್ನು ಎತ್ತರಿಸುತ್ತಾರೆ, ಇಲ್ಲವೇ ನೆಕ್‌ನೊಳಗಿನ ಟ್ರಸ್ ರಾಡಿಗೆ ಕೈ ಹಾಕುತ್ತಾರೆ. ಎರಡೂ ಆತುರದ ಕೆಲಸ. ಕಂಪಿಸುವ ತಂತಿ ಯಾವುದೋ ಫ್ರೆಟ್‌ಗೆ ಬಡಿಯುವುದರಿಂದ ಈ ಸದ್ದು ಹುಟ್ಟುತ್ತದೆ. ಅದು ಎಲ್ಲಿ ಬಡಿಯುತ್ತಿದೆ ಎಂಬುದನ್ನು ಕಿವಿಯೇ ಪತ್ತೆಹಚ್ಚಬಲ್ಲದು. ಬೆರಳೊತ್ತದೆ ಮೀಟಿದಾಗ ಮಾತ್ರ ಸದ್ದು ಬಂದು, ಒತ್ತಿ ನುಡಿಸಿದಾಗ ಸ್ವರ ಶುದ್ಧವಾಗಿದ್ದರೆ ನಟ್‌ನ ಕಚ್ಚು ಸವೆದು ಆಳವಾಗಿರುವ ಸಾಧ್ಯತೆಯೇ ಹೆಚ್ಚು. ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಷ್ಟೇ ಇದ್ದರೆ ನೆಕ್ ತೀರಾ ನೆಟ್ಟಗಾಗಿದೆ ಅಥವಾ ಹಿಂದಕ್ಕೆ ಬಾಗಿದೆ. 12ನೇ ಫ್ರೆಟ್‌ನ ಆಚೆ ಇದ್ದರೆ ಬ್ರಿಡ್ಜ್ ತಗ್ಗಾಗಿದೆಯೇ ಎಂದು ನೋಡಬೇಕು. ಒಂದೇ ಜಾಗದಲ್ಲಿ ಕೇಳಿಸಿದರೆ ಅದರ ಮುಂದಿನ ಯಾವುದೋ ಫ್ರೆಟ್ ಎದ್ದು ನಿಂತಿದೆ.

ಬ್ರಿಡ್ಜ್ ಎತ್ತರಿಸಿದರೆ ಸದ್ದು ನಿಲ್ಲುತ್ತದಲ್ಲ, ಇಷ್ಟೆಲ್ಲ ಪರೀಕ್ಷೆ ಏಕೆ ಎಂದು ಕೇಳಬಹುದು. ಲೆಕ್ಕ ನೋಡಿ. ಬ್ರಿಡ್ಜ್‌ನಲ್ಲಿ 1 ಮಿ.ಮೀ. ಎತ್ತರಿಸಿದರೆ 12ನೇ ಫ್ರೆಟ್‌ನ ಮೇಲೆ ತಂತಿ ಅರ್ಧ ಮಿ.ಮೀ. ಏರುತ್ತದೆ, ಮೊದಲ ಫ್ರೆಟ್‌ನ ಮೇಲೆ ಏರುವುದು ಕೇವಲ 0.06 ಮಿ.ಮೀ. ನಟ್‌ನ ದೋಷವನ್ನು ಬ್ರಿಡ್ಜ್‌ನಿಂದ ಸರಿಪಡಿಸಲು ಹೊರಟವರು ತಂತಿಯನ್ನು ವಿಪರೀತ ಎತ್ತಬೇಕಾಗುತ್ತದೆ. ಆಗ ಒತ್ತಿದಷ್ಟೂ ತಂತಿ ಹೆಚ್ಚು ಎಳೆದುಕೊಂಡು ಶ್ರುತಿ ಏರುತ್ತದೆ, ಬೆರಳೂ ನೋಯುತ್ತದೆ.

ಟ್ರಸ್ ರಾಡಿನ ಕೆಲಸವೇ ಬೇರೆ. ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ 1923ರಲ್ಲಿ ಪೇಟೆಂಟ್ ಪಡೆದ ಈ ಉಕ್ಕಿನ ಸಲಾಕೆ ತಂತಿಗಳ ಎಳೆತಕ್ಕೆ ಎದುರಾಗಿ ನೆಕ್‌ನ ಬಾಗನ್ನು ಹಿಡಿದಿಡುತ್ತದೆ. ಸಾಮಾನ್ಯವಾದ 10ರ ಸೆಟ್‌ನ ಆರು ತಂತಿಗಳು ಸೇರಿ ಸುಮಾರು 45 ಕೆ.ಜಿ. ಭಾರದಷ್ಟು ಎಳೆಯುತ್ತವೆ. ತೆಳುವಾದ 9ರ ಸೆಟ್ ಹಾಕಿದರೆ ಎಳೆತ ತಗ್ಗಿ ನೆಕ್ ನೆಟ್ಟಗಾಗುತ್ತದೆ. ನಿನ್ನೆಯವರೆಗೆ ಇಲ್ಲದ ಸದ್ದು ಇಂದು ಬಂದದ್ದಕ್ಕೆ ಎಷ್ಟೋ ಸಲ ಕಾರಣ ಇದೇ. ಮಳೆಗಾಲದ ತೇವಕ್ಕೂ ಬೇಸಿಗೆಯ ಒಣಹವೆಗೂ ಮರ ಅಲುಗುತ್ತದೆ. ಆದ್ದರಿಂದ ಶ್ರುತಿ ಕೂಡಿಸಿದ ಮೇಲೆಯೇ ಅಳೆಯಬೇಕು: ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯದರಲ್ಲೂ ಒತ್ತಿ ಹಿಡಿದಾಗ ಏಳೆಂಟನೇ ಫ್ರೆಟ್‌ನ ಬಳಿ ಕಾಲು ಮಿ.ಮೀ. ಸಂದು ಉಳಿದರೆ ಸಾಕು. ಕಡಿಮೆಯಿದ್ದರೆ ರಾಡನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ಸಡಿಲಿಸಿ, ಮತ್ತೆ ಶ್ರುತಿ ಕೂಡಿಸಿ ಅಳೆಯಬೇಕು. ತಂತಿಯ ಎತ್ತರದ ಮಾತು ಅದಾದ ನಂತರ.

ಹಾಗಾದರೆ ಎಲ್ಲ ಕರಕರೆಯೂ ದೋಷವೇ? ಅಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ನೂಲು ಇಟ್ಟು ಆ ಸದ್ದನ್ನು ನಾವೇ ಬರಿಸಿಕೊಳ್ಳುತ್ತೇವೆ. ಗಿಟಾರ್‌ನಲ್ಲಿ ತೀರ್ಪು ಕೊಡಬೇಕಾದದ್ದು ಆಂಪ್ಲಿಫೈಯರ್. ಬರಿಗಿವಿಗೆ ಕೇಳಿದ ಸಣ್ಣ ಕರಕರೆ ಸ್ಪೀಕರಿನಲ್ಲಿ ಕೇಳಿಸದೆ, ಸ್ವರವೂ ಬೇಗ ಸಾಯದೆ ಇದ್ದರೆ ಅದನ್ನು ಹಾಗೇ ಬಿಡುವುದು ಲೇಸು. ತಂತಿ ಮುಟ್ಟಿದೊಡನೆ ನಿಲ್ಲುವ ಗುಂಯ್‌ಗುಟ್ಟುವಿಕೆ ಬೇರೆ ಜಾತಿ, ಅದು ವಿದ್ಯುತ್ತಿನದು. ಇನ್ನು ಸ್ಟ್ರಾಟೊಕ್ಯಾಸ್ಟರ್‌ನಂಥ ಗಿಟಾರ್‌ಗಳಲ್ಲಿ ದಪ್ಪ ತಂತಿಯನ್ನು ಮೇಲಿನ ಫ್ರೆಟ್‌ಗಳಲ್ಲಿ ಒತ್ತಿದಾಗ ಸ್ವರ ನಡುಗಿದರೆ, ಪಿಕಪ್‌ನ ಆಯಸ್ಕಾಂತ ತಂತಿಯನ್ನು ಸೆಳೆಯುತ್ತಿರಬಹುದು. ಪಿಕಪ್ ತಗ್ಗಿಸಿದರೆ ಮುಗಿಯಿತು. ಎದ್ದು ನಿಂತ ಫ್ರೆಟ್ಟನ್ನು ಮಾತ್ರ ಅನುಭವಿ ರಿಪೇರಿಗಾರರಿಗೇ ಬಿಡಬೇಕು, ಏಕೆಂದರೆ ಒಂದನ್ನು ಅಗತ್ಯಕ್ಕಿಂತ ಹೆಚ್ಚು ಉಜ್ಜಿದರೆ ಉಳಿದವೆಲ್ಲವನ್ನೂ ಅದರ ಮಟ್ಟಕ್ಕೆ ಇಳಿಸಬೇಕಾಗುತ್ತದೆ.